ಅಕ್ಕ, ಟ್ರೈಪಾಡ್ ಬಿಡು

ಕೈಯಲ್ಲಿರುವ ಟೀ ಆರಿದರೂ ಪರವಾಗಿಲ್ಲ... ಇದನ್ನು ಓದಿಯೇ ಕುಡಿಯಿರಿ.

ಬೆಳಗಿನ ಆರೂವರೆ. ಊರಾಚೆಯ ಕೆರೆ ಏರಿ. ಮದುವೆ ಫೋಟೋಗ್ರಾಫರ್ ಯೋಗಾನಂದ, ಎಲ್ಲರ ಬಾಯಲ್ಲಿ ಯೋಗಿ, ಆರು ತಿಂಗಳ ನಂತರ ಮೊದಲ ಸಲ ಕ್ಯಾಮೆರಾ ಹೊರಗೆ ತೆಗೆದಿದ್ದ.

ಬೈಕ್ ಆಕ್ಸಿಡೆಂಟ್... ಬಲಗೈಗೆ ಎರಡು ಆಪರೇಷನ್. ಕೈ ಮೊದಲಿನಷ್ಟು ಸ್ಟೆಡಿ ಆಗುತ್ತದೋ ಇಲ್ಲವೋ, ಡಾಕ್ಟರೂ ಗ್ಯಾರಂಟಿ ಕೊಟ್ಟಿರಲಿಲ್ಲ.

"ಅಕ್ಕ, ಇವತ್ತು ಒಂದೇ ಒಂದು ಶಾರ್ಪ್ ಫೋಟೋ ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಮಾರಿಬಿಡ್ತೀನಿ. ಇದು ಫೈನಲ್."

"ಆಯ್ತು ಹೀರೋ, ಡೈಲಾಗ್ ಆಮೇಲೆ. ಮೊದ್ಲು ಮಫ್ಲರ್ ಸುತ್ಕೋ," ಎಂದಳು ಸರ್ವಮಂಗಳ. ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ಈ ಅಕ್ಕನೇ.

ಎದುರಿಗೆ, ನೀರಿನಂಚಿನ ಕಲ್ಲಿನ ಮೇಲೆ ಒಂದು ಕೊಕ್ಕರೆ. ಥಿಯೇಟರ್ ಮುಂದಿನ ಕಟೌಟ್ ಹಾಗೆ, ಕದಲದೆ ನಿಂತಿತ್ತು.

ಬೆಳಕು ಕಡಿಮೆ. ಚಿತ್ರದ ಬೆಳಕು ಹೆಚ್ಚಿಸಲು ಐಎಸ್‌ಒ ಏರಿಸಿದರೆ ಅವನ ಹಳೇ ಕ್ಯಾಮೆರಾದಲ್ಲಿ ಫೋಟೋ ಮೇಲೆ ರವೆ ಚೆಲ್ಲಿದಂತಾಗುತ್ತದೆ. ಹಾಗಾಗಿ ಶಟರ್ ಸ್ಪೀಡ್ ಇಳಿಸಿದ... ತುಂಬಾ ಇಳಿಸಿದ. ಅಷ್ಟು ನಿಧಾನದಲ್ಲಿ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಸುಕು. ಅದಕ್ಕೇ ಟ್ರೈಪಾಡ್.

ಏರಿ ಮೇಲೆ ಗಾಳಿ. "ಬೀಳತ್ತೆ ಕಣೋ," ಎಂದು ಅಕ್ಕ ಕುಕ್ಕರುಗಾಲಲ್ಲಿ ಕೂತು, ಟ್ರೈಪಾಡಿನ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಕ್ಲಿಕ್... ಮಸುಕು.

ಕ್ಲಿಕ್... ಮಸುಕು.

ಹನ್ನೊಂದು ಫೋಟೋ. ಹನ್ನೊಂದರಲ್ಲೂ ಕೊಕ್ಕರೆಗೆ ಎರಡೆರಡು ಕೊಕ್ಕು.

"ಡಬಲ್ ಆಕ್ಟಿಂಗ್ ಮಾಡ್ತಿದೆ ಅನ್ನು," ಎಂದಳು ಅಕ್ಕ. ಅವನು ನಗಲಿಲ್ಲ.

"ನನ್ನ ಕೈ ಹೋಯ್ತು ಅಕ್ಕ..."

ಕ್ಯಾಮೆರಾ ಬಿಚ್ಚಲು ಹೋದವನು ನಿಂತ. ಕೊನೆಯದಾಗಿ ಒಂದು ಟ್ರೈ. ಎರಡು ಸೆಕೆಂಡಿನ ಟೈಮರ್ ಹಾಕಿ, ಬಟನ್ ಒತ್ತಿ, ಎರಡೂ ಕೈ ಜೇಬಿಗಿಟ್ಟುಕೊಂಡ.

ಅದೂ ಮಸುಕು.

ಯೋಗಿ ಸ್ಕ್ರೀನನ್ನೇ ದಿಟ್ಟಿಸಿದ. ಈ ಸಲ ಅವನ ಕೈ ಕ್ಯಾಮೆರಾ ಮೇಲೆ ಇರಲೇ ಇಲ್ಲ. ಹಾಗಾದರೆ ನಡುಗಿದ್ದು ಯಾರ ಕೈ?

ಮೆಲ್ಲಗೆ ಕೆಳಗೆ ನೋಡಿದ...

ಟ್ರೈಪಾಡಿನ ಕಾಲು ಹಿಡಿದಿದ್ದ ಅಕ್ಕನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಕೈ ಯಾಕಕ್ಕ ನಡುಗ್ತಿದೆ?"

"ಚಳಿ."

"ಬೆವರ್ತಿದ್ದೀಯ."

ಅವಳು ಟ್ರೈಪಾಡಿನ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಆವತ್ತು ಆಸ್ಪತ್ರೆಯಿಂದ ಫೋನ್ ಬಂತಲ್ಲ... ಆವಾಗಿಂದ ಹಿಂಗೇ ಕಣೋ. ನೀನು ಬಾಗ್ಲು ದಾಟಿದ್ರೆ ಸಾಕು, ಶುರುವಾಗತ್ತೆ. ನಿಂಗೆ ಗೊತ್ತಾಗ್ಬಾರ್ದು ಅಂತ ಏನಾದ್ರೂ ಒಂದು ಹಿಡ್ಕೊಂಡೇ ಇರ್ತೀನಿ."

ಆರು ತಿಂಗಳಿಂದ ತನ್ನ ಕೈಯನ್ನೇ ನೋಡಿಕೊಂಡು ಕೂತಿದ್ದವನು... ಅಕ್ಕನ ಕೈಯನ್ನು ನೋಡಿಯೇ ಇರಲಿಲ್ಲ.

ಪಕ್ಕದಲ್ಲಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಬಿಡಕ್ಕ."

"ಗಾಳಿ ಇದೆ. ಬಿದ್ರೆ?"

"ಬಿದ್ರೆ ಎತ್ತೋಣ. ನನ್ನ ಎತ್ತಿಲ್ವಾ ನೀನು?"

ಅವಳ ತಿಂಡಿ ಬ್ಯಾಗನ್ನು ತೆಗೆದು, ಟ್ರೈಪಾಡಿನ ನಡುವಿನ ಕೊಕ್ಕೆಗೆ ನೇತುಹಾಕಿದ. ಗಾಳಿಗೆ ಓಲಾಡದಂತೆ ಬ್ಯಾಗಿನ ತಳ ನೆಲಕ್ಕೆ ತಾಗಿಸಿದ. "ನಿನ್ನ ಚಿತ್ರಾನ್ನದ ಭಾರ ಸಾಕು ಇದಕ್ಕೆ. ಇಬ್ರಿಗೆ ಅಂತ ಹೇಳಿ ಒಂದು ಸಿನಿಮಾ ಯೂನಿಟ್‌ಗೆ ಆಗೋಷ್ಟು ಕಟ್ಟಿದ್ದೀಯ. ನೀನು ಬಾ, ನನ್ನ ಪಕ್ಕ ನಿಂತ್ಕೋ."

ಈ ಸಲ ಟೈಮರ್ ಇಲ್ಲ. ಆಪರೇಷನ್ ಆದ ಕೈಯ ಬೆರಳನ್ನೇ ಬಟನ್ ಮೇಲಿಟ್ಟ. ಉಸಿರು ಬಿಟ್ಟ. ಮೆಲ್ಲಗೆ ಒತ್ತಿದ.

ಕ್ಲಿಕ್.

ಝೂಮ್ ಮಾಡಿದ... ಒಂದೇ ಕೊಕ್ಕು. ಅದರ ತುದಿಯಲ್ಲಿ ನೇತಾಡುವ ನೀರಿನ ಹನಿಯೂ ಸ್ಪಷ್ಟ.

ಅಕ್ಕ ಸ್ಕ್ರೀನ್ ಹತ್ತಿರ ಬಗ್ಗಿ ನೋಡಿದಳು.

"ನಂಗೆ ಮಸುಕಾಗೇ ಕಾಣ್ತಿದೆ ಕಣೋ..."

"ಅದು ಕ್ಯಾಮೆರಾ ಪ್ರಾಬ್ಲಮ್ ಅಲ್ಲಕ್ಕ," ಎಂದು ಯೋಗಿ ತನ್ನ ಮಫ್ಲರಿನಿಂದ ಅವಳ ಕಣ್ಣೊರೆಸಿದ. ಬಲಗೈಯಲ್ಲೇ.

*

ಭಯದಿಂದ ಹಿಡಿದ ಕೈ ಅಲುಗಿಸುತ್ತದೆ... ನಂಬಿ ಬಿಟ್ಟ ಕೈ ನಿಲ್ಲಿಸುತ್ತದೆ.

ನಿಮ್ಮನ್ನು ಬಿಗಿಯಾಗಿ ಹಿಡಿದುಕೊಂಡವರ ಕೈ ನಡುಗುತ್ತಿದೆಯಾ ಎಂದು ನೀವು ಕೊನೆಯ ಸಲ ನೋಡಿದ್ದು ಯಾವಾಗ?