ಒಳಗಿನ ಚುಕ್ಕೆ

“ಕೆಂಪು,” ಎಂದ ರಿಪೇರಿಯವನು. ಕಣ್ಣಿಗೆ ಒತ್ತಿಹಿಡಿದಿದ್ದ ಭೂತಗನ್ನಡಿ ಕೆಳಗಿಟ್ಟು, ಸತ್ತ ಫೋನನ್ನು ಕೌಂಟರಿನ ಆಚೆ ಬದಿಗೆ ತಳ್ಳಿದ. “ಸಿಮ್ ಹಾಕೋ ಸಂದಿಯಲ್ಲಿ ಒಂದು ಬಿಳಿ ಚುಕ್ಕೆ ಅಂಟಿಸಿರ್ತಾರೆ. ನೀರು ತಾಗಿದ್ರೆ ಕೆಂಪಾಗುತ್ತೆ. ನಿಮ್ಮದು ಟೊಮೇಟೊ ಹಣ್ಣಾಗಿದೆ. ವಾರಂಟಿ ಸಿಗಲ್ಲ.”

“ನೀರಿಗೆ ಬಿದ್ದಿಲ್ಲ.”

ಅವನು ಅವಳು ತುಂಬಿಕೊಟ್ಟಿದ್ದ ಅರ್ಜಿಯನ್ನು ಇನ್ನೊಮ್ಮೆ ನೋಡಿದ. ಉದ್ಯೋಗ ಎಂಬಲ್ಲಿ ಈಜು ಶಿಕ್ಷಕಿ ಎಂದಿತ್ತು. ತುಟಿ ಬಿಗಿಹಿಡಿದರೂ ನಗು ಮೂಗಿನಿಂದ ಹೊರಬಂತು. “ಮೀನು ಬಂದು, ನಾನು ಒದ್ದೆಯಾಗಿಲ್ಲ ಅಂದ ಹಾಗಾಯ್ತಲ್ಲ ಮೇಡಂ.”

ಜೊತೆಗೆ ಬಂದಿದ್ದ ನಾದಿನಿ ಗೊಳ್ಳೆಂದು ನಕ್ಕಳು. “ಮನೇಲಿ ನಾನೂ ಇದನ್ನೇ ಹೇಳಿದ್ದು, ಅತ್ತಿಗೆ!”

ಈಜು ಶಿಕ್ಷಕಿ ನಗಲಿಲ್ಲ. ಸೋಮವಾರ ಕೊಳದಲ್ಲಿ ಒಂದು ಮಗು ನೀರು ಕುಡಿದಿತ್ತು. ಎತ್ತಿ ಬೆನ್ನು ತಟ್ಟಿದ್ದು ಅವಳೇ. ಮಗು ಕೆಮ್ಮಿ, ಅತ್ತು, ಕೊನೆಗೆ ಬಿಸ್ಕತ್ತು ಕೇಳಿತ್ತು. ಆದರೆ ಮಗುವಿನ ತಾಯಿ ದೂರು ಬರೆದಳು: ಟೀಚರ್ ಫೋನ್ ನೋಡುತ್ತ ನಿಂತಿದ್ದರು, ಗಾಬರಿಯಲ್ಲಿ ಅದನ್ನೂ ನೀರಿಗೆ ಬೀಳಿಸಿದರು. ಕೊಳದ ಅಂಚಿಗೆ ಫೋನ್ ತಂದವರಿಗೆ ಅಲ್ಲಿ ಕೆಲಸವಿಲ್ಲ. ಲಾಕರಿನೊಳಗಿದ್ದ ಫೋನ್ ಅದೇ ದಿನ ಸತ್ತಿದ್ದು ಅವಳ ಗ್ರಹಚಾರ. ‘ಅದು ತಾನಾಗೇ ಕೆಟ್ಟಿದ್ದು ಅಂತ ಕಂಪನಿಯಿಂದ ಬರೆಸಿಕೊಂಡು ಬಾ. ಆಮೇಲೆ ಮಕ್ಕಳ ಹತ್ತಿರ ಹೋಗು,’ ಎಂದಿದ್ದರು ಮೇಲಿನವರು.

“ಆ ಚುಕ್ಕೆ ಕೆಂಪಾಗೋಕೆ ನೀರೇ ಬೇಕಾ?” ಎಂದು ಕೇಳಿದಳು. “ತೇವ ಸಾಲದಾ? ಲಾಕರಲ್ಲಿ ಒದ್ದೆ ಟವೆಲ್ ಪಕ್ಕದಲ್ಲೇ ಇಡ್ತೀನಿ. ಎಂಟು ತಿಂಗಳಿಂದ.”

ರಿಪೇರಿಯವನು ತಲೆ ಕೆರೆದುಕೊಂಡ. ಈ ಕೌಂಟರಿನ ಮುಂದೆ ಜನ ಕೂಗಾಡಿದ್ದರು, ಅತ್ತಿದ್ದರು, ಒಬ್ಬಾತ ಮೇಜು ಗುದ್ದಿ ಕೈ ಉಳುಕಿಸಿಕೊಂಡಿದ್ದ. ಚುಕ್ಕೆಯ ಬಗ್ಗೆ ಯಾರೂ ವಿಚಾರಿಸಿರಲಿಲ್ಲ. ಡ್ರಾಯರಿನಿಂದ ಚುಕ್ಕೆಗಳ ಸುರುಳಿ ತೆಗೆದು, ಒಂದನ್ನು ಕಿತ್ತು ಹೆಬ್ಬೆರಳಿನ ಉಗುರಿಗೆ ಅಂಟಿಸಿಕೊಂಡ. ಊದಿದ. ಮೂವರೂ ತಲೆ ತಾಗಿಸಿ ನೋಡಿದರು. ಬಿಳಿ. ಈ ಬಾರಿ ಕನ್ನಡಕ ಒರೆಸುವವರಂತೆ ಬಾಯಿ ಅಗಲಿಸಿ ಬಿಸಿಯುಸಿರು ಬಿಟ್ಟ, ಹತ್ತು ಸಲ, ಇಪ್ಪತ್ತು ಸಲ. ನಾದಿನಿ ಎಣಿಸುವುದನ್ನು ಮರೆತಳು. ಚುಕ್ಕೆಯ ಒಂದು ಅಂಚು ನಿಧಾನಕ್ಕೆ ಗುಲಾಬಿಯಾಯಿತು.

“ಅರೆ,” ಎಂದ, ತನ್ನ ಉಗುರಿಗೇ.

“ಒಳಗೂ ಚುಕ್ಕೆ ಇರುತ್ತಾ?”

“ಇನ್ನೊಂದಿದೆ. ಬೋರ್ಡಿನ ಪಕ್ಕ. ನಿಜವಾಗಲೂ ನೀರಿಗೆ ಬಿದ್ದಿದ್ರೆ ಅದೂ ಕೆಂಪಾಗಿರ್ಬೇಕು.”

“ನೋಡಿದ್ರಾ?”

“ಹೊರಗಿನದು ಕೆಂಪಾಗಿದ್ರೆ ಒಳಗಿನದು ನೋಡೋ ಹಾಗಿಲ್ಲ. ರೂಲು. ಬಿಚ್ಚಿದ್ರೆ ವಾರಂಟಿ ಹೋಗುತ್ತೆ.”

“ಈಗ ತಾನೇ ಇಲ್ಲ ಅಂದ್ರಲ್ಲ. ಇಲ್ಲದ್ದು ಹೋಗೋದೆಲ್ಲಿಗೆ?”

ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಇರುವೆಯಷ್ಟು ಪುಟ್ಟ ಸ್ಕ್ರೂಗಳು ಒಂದೊಂದಾಗಿ ತಟ್ಟೆಗೆ ಬಿದ್ದವು. ಬೆನ್ನಿನ ಹಲಗೆ ಅಂಟು ಬಿಟ್ಟು ಎದ್ದಿತು. ಒಳಗಿನ ಚುಕ್ಕೆ ಹಾಲಿನಷ್ಟು ಬೆಳ್ಳಗಿತ್ತು. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಚಿಮಟದ ತುದಿಯಿಂದ ಅಲ್ಲಿ ಇಲ್ಲಿ ಮುಟ್ಟುತ್ತ ಹೋದ. ಒಂದು ಕಡೆ ರಿಬ್ಬನ್ನಿನಂಥ ತಂತಿ ಯಾವ ತಡೆಯೂ ಇಲ್ಲದೆ ಮೇಲೆದ್ದು ಬಂತು.

“ಸಿಕ್ತು! ಇದರ ಕೊಕ್ಕೆ ಕೂತೇ ಇಲ್ಲ ನೋಡಿ. ಫ್ಯಾಕ್ಟರಿಯಲ್ಲಿ ಒತ್ತೋಕೆ ಮರೆತಿದ್ದಾರೆ. ಎಂಟು ತಿಂಗಳು ಅದು ಹೇಗೆ ನಡೀತೋ ಮಾರಾಯ್ರೆ!”

“ಅದನ್ನೇ ಬರೆದುಕೊಡಿ,” ಎಂದಳು ಈಜು ಶಿಕ್ಷಕಿ. ಅವಳ ಭುಜಗಳು ಸೋಮವಾರದ ನಂತರ ಮೊದಲ ಬಾರಿಗೆ ಇಳಿದವು.

ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಧಿಕಾರಿಯ ಗಾಜಿನ ಕೋಣೆಗೆ ಓಡಿದ. ಗಾಜಿನಾಚೆ ಅವನ ಚಿಮಟ ಗಾಳಿಯಲ್ಲಿ ಏನೇನೋ ವಿವರಿಸಿತು. ಮೇಲಧಿಕಾರಿ ಫೋನನ್ನು ನೋಡಲಿಲ್ಲ; ರಸೀದಿಯಲ್ಲಿದ್ದ ಸರಣಿ ಸಂಖ್ಯೆ ನೋಡಿದ, ಎದ್ದು ಬಾಗಿಲು ಹಾಕಿದ.

ಹಿಂದಿರುಗಿದಾಗ ರಿಪೇರಿಯವನ ಕೈಯಲ್ಲಿ ತಟ್ಟೆಯ ಜೊತೆ ಸೀಲು ಒಡೆಯದ ಹೊಸ ಪೆಟ್ಟಿಗೆ ಇತ್ತು, ಮೇಲೊಂದು ಕಾಗದ. “ಸಾರ್ ಹೊಸದೇ ಕೊಡೋಕೆ ಹೇಳಿದ್ರು. ಒಂದು ಕಾಸೂ ಕೊಡೋದು ಬೇಡ. ಇಲ್ಲೊಂದು ಸಹಿ ಹಾಕಿ.”

ಕಾಗದದಲ್ಲಿ ಒಂದೇ ಸಾಲು ಇತ್ತು: ‘ಗ್ರಾಹಕರ ಕೈತಪ್ಪಿ ನೀರಿಗೆ ಬಿದ್ದ ಫೋನಿಗೆ ಬದಲಾಗಿ, ಕಂಪನಿಯ ಸೌಜನ್ಯದಿಂದ.’

“ನೀವೇ ಕಣ್ಣಾರೆ ನೋಡಿದ್ರಲ್ಲ.”

“ನೋಡ್ದೆ.” ಅವನು ದನಿ ತಗ್ಗಿಸಿದ. “ಕೊಕ್ಕೆ ಅಂತ ಬರೆದ್ರೆ ಆ ಸರಣಿಯ ಫೋನೆಲ್ಲ ವಾಪಸ್ ಕರೆಸಿ ಬಿಚ್ಚಬೇಕಂತೆ. ನೀರು ಅಂತ ಬರೆದ್ರೆ ನಿಮ್ಮದೊಂದಕ್ಕೇ ಮುಗೀತು.”

ನಾದಿನಿ ಅವಳ ಕಿವಿಗೆ ಬಾಗಿದಳು. “ಹಾಕಿಬಿಡು ಅತ್ತಿಗೆ. ಕೊಳದವರಿಗೆ ಕಾಗದ ಯಾಕೆ ತೋರಿಸ್ತೀಯಾ? ಫೋನ್ ತೋರಿಸು. ತಮ್ಮದೇ ತಪ್ಪು ಇಲ್ದೆ ಯಾವ ಕಂಪನಿಯವರಾದ್ರೂ ಹೊಸದು ಕೊಡ್ತಾರಾ ಅಂತ ಕೇಳು. ಬಾಯಿ ಮುಚ್ಕೋತಾರೆ.”

ಉಪಾಯ ಚೆನ್ನಾಗಿಯೇ ಇತ್ತು. ಈಜು ಶಿಕ್ಷಕಿ ಕಾಗದವನ್ನು ಇನ್ನೊಮ್ಮೆ ಓದಿದಳು, ಒಂದೊಂದೇ ಪದ. ರಿಪೇರಿಯವನು ಪೆನ್ನಿನ ಮುಚ್ಚಳ ತೆಗೆದು ಚಾಚಿದ.

“ಬೇಡ,” ಎಂದಳು. “ನಂದೇ ಕೊಡಿ. ಸ್ಕ್ರೂ ಹಾಕ್ಬೇಡಿ, ಬಿಚ್ಚಿದ ಹಾಗೇ ಇರ್ಲಿ. ಒಳಗಿನ ಚುಕ್ಕೆ ಕೊಳದವರೂ ನೋಡ್ಲಿ.”