ಬೆಲ್ಟ್ ಹರಿಯುವ ಮುನ್ನ

ಓಡಿಹೋಗಿ ಮದುವೆಯಾಗಲು ಅವಳು ಕದ್ದು ತಂದದ್ದು ಅಪ್ಪನದೇ ಹಳೇ ಕಾರು. ಪಕ್ಕದಲ್ಲಿದ್ದ ಹುಡುಗನ ಹೆಸರೆತ್ತಿದರೆ ಸಾಕು, ಅಪ್ಪ ಊಟ ಬಿಟ್ಟು ಏಳುತ್ತಿದ್ದರು. ಈಗ ಆ ಹುಡುಗ ಕಿಟಕಿಯಿಂದ ತಲೆ ಹೊರಹಾಕಿ ಕೇಕೆ ಹಾಕುತ್ತಿದ್ದ. ಅವಳು ನಗುತ್ತಲೇ ಅಪ್ಪನ ಫೋನನ್ನು ಮತ್ತೆ ಕಟ್ ಮಾಡಿದಳು.

"ಒಂದ್ಸಲ ಎತ್ತೇ, ಪಾಪ."

"ಎತ್ತಿದ್ರೆ ಅತ್ತುಬಿಡ್ತೀನಿ ಕಣೋ. ಆಮೇಲೆ ರಿಜಿಸ್ಟ್ರಾರ್ ಆಫೀಸೂ ಇಲ್ಲ, ನೀನೂ ಇಲ್ಲ."

ಕನ್ನಡಿಯಲ್ಲಿ ಅಪ್ಪನ ಹೊಸ ಕಾರು ಕಾಣಿಸಿತು.

"ಅಯ್ಯೋ, ಬಂದ್ರು! ಆಕ್ಸಿಲರೇಟರ್ ತುಳಿಯೇ!"

ತುಳಿದಳು. ಅಪ್ಪ ಅವಳಿಗಿಂತ ಜೋರಾಗಿ ತುಳಿದು, ಮುಂದೆ ಬಂದು ಅಡ್ಡ ನಿಲ್ಲಿಸಿದರು. ಧಡಧಡನೆ ಇಳಿದು ಬಂದವರೇ ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡರು.

"ಆಗಿಂದ ಫೋನ್ ಮಾಡ್ತಿದೀನಿ, ಎತ್ತೋಕೇನು ನಿಂಗೆ? ಇದರ ಟೈಮಿಂಗ್ ಬೆಲ್ಟ್ ಸವೆದುಹೋಗಿದೆ! ದಾರೀಲಿ ಹರಿದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತೆ, ಇಂಜಿನ್ನೇ ಪುಡಿಪುಡಿ!"

"ತಪ್ಪಾಯ್ತು ಸಾರ್," ಎಂದ ಹುಡುಗ, ಬೆವರುತ್ತಾ.

ಅಪ್ಪ ಹೊಸ ಕಾರಿನ ಕೀಯನ್ನು ಅವನ ಕೈಗಿಟ್ಟರು.

"ಅದರಲ್ಲಿ ಹೋಗಿ, ಅಳಿಯಂದ್ರೇ. ಹಾರ ಡಿಕ್ಕೀಲಿದೆ."