ತಾತನ ನಶ್ಯದ ಕರ್ಚೀಫು

ಐದಕ್ಕೆ ನನಗೆ ಕಾಲೇಜಿನಲ್ಲಿ ಡ್ಯಾನ್ಸ್ ರಿಹರ್ಸಲ್. ತಾತ ಮಾತ್ರ ಚೌಕಾಬಾರದ ಮಣೆ ಹರವಿ ಕೂತಿದ್ದರು.

“ಒಂದೇ ಒಂದು ಆಟ ಕಣೇ, ಇಂಚರಾ.”

ಅವರ ಒಂದು ಆಟ ಮುಗಿಯುವುದು ಊಟದ ಹೊತ್ತಿಗೆ. ಹಾಗಾಗಿ ಅವರು ನಶ್ಯ ಏರಿಸಿ ಸೀನಿದ್ದ ಕರ್ಚೀಫನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ಬಕೆಟ್ಟಿನಲ್ಲಿ ನೆನೆಹಾಕಿದೆ. ಸೀನಿದ ಬಟ್ಟೆ ಒದ್ದೆ ಮಾಡಬೇಡ ಎಂದು ಅಮ್ಮ ಬೈಯುವುದು ಇದಕ್ಕೇ. ನಮ್ಮ ಮನೆಯವರ ಸೀನಿನಲ್ಲಿರುವ ಬೀಜಕಣಗಳು ನೀರು ತಾಗಿದ ಹತ್ತೇ ನಿಮಿಷದಲ್ಲಿ ಮೊಳೆತು, ಮೂವರು ಹೊಸ ತಾತಂದಿರು ಟವೆಲ್ ಕೇಳುತ್ತಾ ಬಚ್ಚಲಿಂದ ಹೊರಬಂದರು.

“ನಾಲ್ಕು ಜನ ಆದ್ರಲ್ಲ, ಆಡ್ಕೊಳ್ಳಿ!” ಎಂದೆ.

ಎರಡು ನಿಮಿಷಕ್ಕೇ ನಾಲ್ವರೂ ಕವಡೆ ಬಿಸಾಡಿ ಎದ್ದು, ಒಂದೇ ದನಿಯಲ್ಲಿ ಗೊಣಗಿದರು.

“ಇವರ ಜೊತೆ ಮಜಾನೇ ಇಲ್ಲ ಕಣೇ. ನಾನು ಎಲ್ಲಿ ಮೋಸ ಮಾಡ್ತೀನಿ ಅಂತ ಎಲ್ಲರಿಗೂ ಮೊದಲೇ ಗೊತ್ತು! ನೀನೇ ಬಾ.”

ಹೊಸ ತಾತಂದಿರು ನೆಲದ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ತಮ್ಮ ಮಣೆ ಬರೆದುಕೊಂಡರು; ಈಗ ನನ್ನ ಮುಂದೆ ನಾಲ್ಕು ಮಣೆ. ಬೇರೆ ದಾರಿ ಕಾಣದೆ ತಾತನ ಡಬ್ಬಿಯಿಂದ ಚಿಟಿಕೆ ನಶ್ಯ ಏರಿಸಿ, ದುಪಟ್ಟಾಕ್ಕೆ ಸೀನಿ, ಅದನ್ನೂ ನೆನೆಹಾಕಿದೆ.

ಬಚ್ಚಲಿಂದ ಬಂದ ಹೊಸ ಇಂಚರಾ ನನ್ನ ಚೂಡಿದಾರ ತೊಟ್ಟು, ನನ್ನ ಚಪ್ಪಲಿ ಮೆಟ್ಟಿದಳು.

“ರಿಹರ್ಸಲ್‌ಗೆ ಲೇಟಾಯ್ತು, ನೀನು ಆಡ್ತಿರು!” ಎಂದು ಓಡಿಯೇಬಿಟ್ಟಳು.